ಓಬಣ್ಣನ ನೆಟ್ಟಗಿನ ಕೈ

ಓಬಣ್ಣ ಕುಡಿದರೇ ಅವನ ಕೈ ನೆಟ್ಟಗಿರುತ್ತದೆ ಎಂದು ಬೋರನಹಟ್ಟಿಯಲ್ಲಿ ಎಲ್ಲರೂ ನಂಬಿದ್ದರು. ಸಾಕ್ಷಿಯೂ ಇತ್ತು. ಹನ್ನೊಂದು ವರ್ಷದಿಂದ ಊರಿನ ಟೆಂಪೊ ಓಡಿಸುತ್ತಿದ್ದವನು ಅವನೇ. ದಿನಾ ಮಧ್ಯಾಹ್ನ ಪೇಟೆಯಲ್ಲಿ ಕುಡಿಯುತ್ತಿದ್ದ, ನಾಲ್ಕು ಗಂಟೆ ಹೊತ್ತಿಗೆ ಜನರನ್ನು ತುಂಬಿಕೊಂಡು ಊರಿಗೆ ಬರುತ್ತಿದ್ದ. ಯಾರಿಗೂ ಒಂದು ತರಚು ಗಾಯವಾಗಿರಲಿಲ್ಲ. ಮದುವೆ ದಿಬ್ಬಣ ಹೊರಡುವಾಗ ಗಂಡಿನ ಕಡೆಯವರೇ ಅವನಿಗೊಂದು ಕ್ವಾರ್ಟರ್ ಕುಡಿಸಿ, ಆಮೇಲೆ ಮದುಮಗನನ್ನು ಹತ್ತಿಸುತ್ತಿದ್ದರು. ಹುಷಾರಿಗೆ.

ಒಂದು ದಿನ ಪೇಟೆಯ ಹೊರಗೆ ಹೊಸ ಸಬ್ ಇನ್‌ಸ್ಪೆಕ್ಟರ್ ಮೇಡಂ ಅವನ ಬಾಯಿಗೆ ಮಷಿನ್ ಹಿಡಿದರು. ಮಷಿನ್‌ಗೆ ಊರಿನ ನಂಬಿಕೆ ಗೊತ್ತಿರಲಿಲ್ಲ. ಕೋರ್ಟಿನಲ್ಲಿ ದಂಡ ಬಿತ್ತು. ಲೈಸೆನ್ಸ್ ಆರು ತಿಂಗಳು ಅಮಾನತಾಯಿತು.

ಊರಿನ ಹಿರಿಯರು ಠಾಣೆಗೆ ಹೋದರು.

“ಅವನು ಕುಡೀದೆ ಓಡಿಸಿದ್ರೇ ನಮಗೆ ಭಯ ಮೇಡಂ.”

“ಆರು ತಿಂಗಳು ಅವನು ಓಡಿಸೋದೇ ಇಲ್ಲ. ಭಯ ಬಿಟ್ಟು ಹೋಗ್ಬನ್ನಿ.”

ಟೆಂಪೊಗೆ ಬೇರೆ ಡ್ರೈವರ್ ಬಂದ. ಓಬಣ್ಣ ಮನೆಯಲ್ಲಿ ಕೂತು ಮೇಡಂಗೆ ಶಾಪ ಹಾಕಿದ. ಕೇಳಿ ಕೇಳಿ ಸಾಕಾದ ಹೆಂಡತಿ ಒಂದು ಕೆಲಸ ಹಚ್ಚಿದಳು. “ಗೋಡೆಗೆ ಒರಗಿ ಒರಗಿ ಸುಣ್ಣ ಉದುರಿಸ್ಬೇಡ. ಹೋಗಿ ಮೊಮ್ಮಗಳನ್ನ ಅಂಗನವಾಡಿಯಿಂದ ಕರ್ಕೊಂಡು ಬಾ.”

ನಾಲ್ಕು ಗಂಟೆಗೆ ಹೋದ. ಅಂಗನವಾಡಿ ರಸ್ತೆಯ ಅಂಚಿನಲ್ಲೇ ಇತ್ತು. ಬಿಡುವ ಹೊತ್ತಾಗಿದ್ದರೂ ಮಕ್ಕಳು ಜಗುಲಿಯ ಮೇಲೆ ಸಾಲಾಗಿ ಕೂತಿದ್ದರು. ಎರಡು ಕಂಬಗಳ ನಡುವೆ ಹಳೇ ಸೀರೆಯೊಂದನ್ನು ಬಿಗಿದು ಕಟ್ಟಲಾಗಿತ್ತು. ಎಲ್ಲ ಮಕ್ಕಳೂ ಅದನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

“ಬಿಡಮ್ಮ ಪಾಲಮ್ಮ, ಹೊತ್ತಾಯ್ತು,” ಎಂದ ಟೀಚರಿಗೆ.

“ಟೆಂಪೊ ಹೋಗ್ಲಿ, ಇರಣ್ಣ.”

“ಈಗ ಅದನ್ನ ಓಡಿಸೋನು ನಾನಲ್ಲ ಕಣಮ್ಮ. ಆ ಹೊಸಬ ಮಜ್ಜಿಗೆ ಬಿಟ್ರೆ ಏನೂ ಮುಟ್ಟಲ್ಲ.”

ಪಾಲಮ್ಮ ಮುಖ ಬೇರೆ ಕಡೆ ತಿರುಗಿಸಿದಳು. “ನೀನು ವಾಪಸ್ ಬರ್ತೀಯಲ್ಲ ಓಬಣ್ಣ. ಮಕ್ಕಳಿಗೆ ಅಭ್ಯಾಸ ತಪ್ಪಬಾರದು.”

ಮೊಮ್ಮಗಳು ಸರಿದು ಜಾಗ ಮಾಡಿದಳು. “ತಾತ, ನೀನೂ ಹಿಡ್ಕೋ. ಗಾಡಿ ಬರುತ್ತೆ.”

ಓಬಣ್ಣ ಸೀರೆ ಹಿಡಿದು ಕೂತ. ಟೆಂಪೊ ಬಂತು, ಹೋಯಿತು. ಜಗುಲಿಗೂ ಚಕ್ರಕ್ಕೂ ನಡುವೆ ಎರಡೇ ಮೊಳ. ಸ್ಟೇರಿಂಗ್ ಹಿಂದೆ ಕೂತವನಿಗೆ ಅದು ಒಂದು ದಿನವೂ ಕಂಡಿರಲಿಲ್ಲ.

“ಎಷ್ಟು ದಿನದಿಂದ ಹೀಗೆ?” ಎಂದು ಕೇಳಿದ. ಪಾಲಮ್ಮ ಹೇಳಿದಳು. ಓಬಣ್ಣ ಅವಳಿಗೆ ಕೈ ಮುಗಿದು ಮೊಮ್ಮಗಳನ್ನು ಎತ್ತಿಕೊಂಡ. ನಡೆಯಲು ಬರುವ ಆ ಮಗುವನ್ನು ಮನೆಯವರೆಗೂ ಕೆಳಗಿಳಿಸಲಿಲ್ಲ.

ಮರುದಿನ ಠಾಣೆಗೆ ಹೋದ. ಮೇಡಂ ತಲೆ ಎತ್ತದೆ, “ಲೈಸೆನ್ಸ್ ನನ್ನ ಕೈಯಲ್ಲಿಲ್ಲಪ್ಪ,” ಎಂದರು.

“ವಾಪಸ್ ಕೇಳೋಕೆ ಬಂದಿಲ್ಲ ಮೇಡಂ. ಕಿತ್ತುಕೊಳ್ಳೋ ಹಾಗೆ ಮಾಡಿದ್ರಲ್ಲ, ಅದಕ್ಕೆ ಕೈ ಮುಗಿದು ಹೋಗೋಣ ಅಂತ ಬಂದೆ.”

ಠಾಣೆಯಲ್ಲಿ ಇಂಥ ಮಾತು ಕೇಳಿ ಅಭ್ಯಾಸವಿಲ್ಲದ ಮೇಡಂ ಪೆನ್ನು ಕೆಳಗಿಟ್ಟರು. “ಯಾಕೆ? ನಿನ್ನಿಂದ ಯಾರಿಗೂ ಏನೂ ಆಗಿಲ್ಲ ಅಂತ ನಿಮ್ಮೂರಿನವರು ಹೇಳಿದ್ರಲ್ಲ?”

“ಆಗಿಲ್ಲ ಮೇಡಂ. ಹನ್ನೊಂದು ವರ್ಷ, ನನ್ನ ಗಾಡಿ ದಾಟೋವರೆಗೂ ಅಂಗನವಾಡಿ ಪಾಲಮ್ಮ ಒಂದು ಮಗುವನ್ನೂ ರಸ್ತೆಗೆ ಬಿಟ್ಟಿಲ್ಲ.”

ನೀತಿ: ಕುಡಿದು ಓಡಿಸಿಯೂ ಯಾರೂ ಸಾಯಲಿಲ್ಲವೆಂದರೆ ಅದು ಚಾಲಕನ ಜಾಣತನವಲ್ಲ, ದಾರಿ ಬಿಟ್ಟು ನಿಂತವರ ಉಪಕಾರ. ಲೈಸೆನ್ಸ್ ಕಿತ್ತುಕೊಂಡವರದೂ ಉಪಕಾರವೇ. ಇಬ್ಬರಿಗೂ ಕೈ ಮುಗಿಯಿರಿ. ಕುಡಿದ ಕೈಯಲ್ಲಿ ಸ್ಟೇರಿಂಗ್ ಹಿಡಿಯಬೇಡಿ.