ಹಾಸಿಗೆ ಓಣಿಯ ಅಗಲ

"ಒಳಗೆ ಹೋಗುವಾಗ ಅಗಲ, ಹೊರಗೆ ಬರುವಾಗ ಇಕ್ಕಟ್ಟು. ಏನದು ಹೇಳಿ ನೋಡೋಣ, ಗುರುಗಳೇ?"

ಕೇಳಿದವನು ನಾನು. ಉತ್ತರ ನನಗೂ ಗೊತ್ತಿರಲಿಲ್ಲ. ಯಾರು ಏನೇ ಹೇಳಿದರೂ "ಅಲ್ಲ" ಎನ್ನುವುದಷ್ಟೇ ನನ್ನ ಉಪಾಯ. ಒಬ್ಬ ಶಿಷ್ಯ ಇಲಿಬೋನು ಎಂದ. ಅಲ್ಲ ಎಂದೆ. ಇನ್ನೊಬ್ಬ ಮದುವೆ ಎಂದ. ಎಲ್ಲರೂ ಅವನ ಮುಖ ನೋಡಿದರು. ಅದೂ ಅಲ್ಲ ಎಂದೆ.

ಗುರುಗಳು ನನ್ನನ್ನೇ ನೋಡಿದರು. ಆಮೇಲೆ ಕತೆ ಹೇಳಿದರು.

ಒಂದು ಊರು. ಊರಲ್ಲಿ ಹಾಸಿಗೆ ಹೊಲಿಯುವವರ ಒಂದು ಓಣಿ. ಓಣಿಗೆ ಒಂದೇ ಬಾಯಿ. ಆಚೆ ತುದಿಯಲ್ಲಿ ಸುತ್ತ ಗೋಡೆಯಿದ್ದ ಖಾಲಿ ಜಾಗ. ಓಣಿಯಲ್ಲಿ ಹೊಲಿದ ಹಾಸಿಗೆಯೆಲ್ಲ ತಲೆಯ ಮೇಲೆ ಕುಳಿತೇ ಪೇಟೆಗೆ ಹೋಗಬೇಕು. ಹಾಸಿಗೆ ಹೊತ್ತವನಿಗೆ ಅದರ ಅಂಚು ಕಣ್ಣಿನ ಮೇಲೆ ಜೋಲುತ್ತದೆ. ಮುಂದೆ ಏನೂ ಕಾಣದು. ಹಿಂದೆ ತಿರುಗಲೂ ಆಗದು. ಅದಕ್ಕೆ ಅಲ್ಲಿ ಒಂದು ಕಟ್ಟಳೆ ಬೆಳೆಯಿತು. ಹೊರಗೆ ಹೋಗುವವನು "ಬಂತು, ಬಂತು" ಎಂದು ಕೂಗುತ್ತಾನೆ. ಒಳಗೆ ಬರುವವನು, ಅವನು ಯಾರೇ ಇರಲಿ, ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯುತ್ತಾನೆ. ಬೀಗರಾದರೂ ಸರಿ, ಪೊಲೀಸರಾದರೂ ಸರಿ. ಒಮ್ಮೆ ಕುದುರೆಯ ಮೇಲೆ ಬಂದ ಮದುಮಗನೂ ಹಿಂದಕ್ಕೆ ಹೋಗಬೇಕಾಯಿತು. ಕುದುರೆ ಒಪ್ಪಲಿಲ್ಲ. ಮದುಮಗ ಇಳಿದು ತಾನೇ ಅದನ್ನು ತಳ್ಳಿದ.

ಈ ಕಟ್ಟಳೆ ಒಂದು ಸಲ ಇಡೀ ಓಣಿಯ ಜೀವ ಉಳಿಸಿತ್ತು. ಒಂದು ಮಧ್ಯಾಹ್ನ ಹತ್ತಿಗೆ ಬೆಂಕಿ ಬಿತ್ತು. ನೀರು ಹೊತ್ತು ಒಳಗೆ ಓಡುತ್ತಿದ್ದವರು "ಬಂತು, ಬಂತು" ಕೇಳಿ ಹಿಂದೆ ಸರಿದರು. ಮೊದಲು ಜನ ಹೊರಗೆ ಬಂದರು. ಆಮೇಲೆ ನೀರು ಒಳಗೆ ಹೋಯಿತು. ಮನೆಗಳು ಸುಟ್ಟವು, ಮನುಷ್ಯರು ಸುಡಲಿಲ್ಲ.

ಆ ತುದಿಯ ಖಾಲಿ ಜಾಗವನ್ನು ಒಬ್ಬ ವ್ಯಾಪಾರಿ ಕೊಂಡ. ಏಳು ಅಂತಸ್ತು ಕಟ್ಟುತ್ತೇನೆ, ನೂರು ಸಂಸಾರ ಇಡುತ್ತೇನೆ ಎಂದ. ಓಣಿಯವರು ಅವನ ಬಳಿಗೆ ಹೋದರು. ಮುಂದೆ ನಿಂತವಳು ಇಮಾಂಬಿ ಎಂಬ ಹೆಂಗಸು. ಅವಳ ಗಂಡ ಮಂಚ ಬಿಟ್ಟು ಏಳಲಾರ. ಆ ಮಂಚ ಎತ್ತಲು ನಾಲ್ವರು ಬೇಕು.

"ಕಟ್ಟಿ ಸಾಹುಕಾರ್ರೇ, ಬೇಡ ಅನ್ನೋದಿಲ್ಲ," ಎಂದಳು. "ಎರಡು ಅಂತಸ್ತು ಕಟ್ಟಿ. ಅಷ್ಟು ಜನಾನ ನಮ್ಮ ಓಣಿ ಹೊರಗೆ ಬಿಡುತ್ತೆ. ಏಳು ಅಂತಸ್ತು ಒಂದೇ ಸಲ ಓಡಿಬಂದರೆ ನನ್ನ ಗಂಡನ ಮಂಚ ಎಲ್ಲಿ ಹೋಗಬೇಕು? ಆ ನೂರು ಸಂಸಾರದ ಕೂಸುಗಳು ಎಲ್ಲಿ ಹೋಗಬೇಕು? ಬಂದಮೇಲೆ ಅವರೂ ನಮ್ಮ ಓಣಿಯವರೇ ಅಲ್ವಾ?"

"ಬೆಂಕಿ ಇನ್ನೂ ಬಿದ್ದಿಲ್ಲ, ನೀನು ಆಗಲೇ ಕೆಮ್ಮುತ್ತೀಯಲ್ಲವ್ವ!" ಎಂದ ವ್ಯಾಪಾರಿ. "ಬಿದ್ದರೆ ಬೆಂಕಿ ಆರಿಸೋ ಗಾಡಿ ಬರುತ್ತೆ. ಬೇಕಾದರೆ ತಂದೇ ತೋರಿಸ್ತೀನಿ."

ತಂದ. ಜೊತೆಗೆ ಒಬ್ಬ ಅಧಿಕಾರಿಯನ್ನೂ ತಂದ. ಓಣಿಯವರು ಕಲ್ಲು ಹೊಡೆಯಲಿಲ್ಲ, ಗಾಡಿಗೆ ಅಡ್ಡ ಮಲಗಲಿಲ್ಲ. ಜಗುಲಿಯ ಹತ್ತಿ ತೆಗೆದರು, ಸೈಕಲ್ಲು ಒಳಗಿಟ್ಟರು, ಮೇಕೆ ಬಿಚ್ಚಿಕೊಂಡು ಹೋದರು. ಕಸ ಕೂಡ ಗುಡಿಸಿದರು. ಗಾಡಿ ಬೆಣ್ಣೆಯ ಮೇಲೆ ಬಂದಂತೆ ಒಳಗೆ ಬಂತು. ಎರಡು ಬದಿಯಲ್ಲೂ ಒಂದೊಂದು ಗೇಣು ಮಿಕ್ಕಿತು.

"ನೋಡಿ, ಎಷ್ಟು ಅಗಲ!" ಎಂದ ವ್ಯಾಪಾರಿ. ಅಧಿಕಾರಿ ಒಪ್ಪಿಗೆಯ ಸಹಿ ಹಾಕಲು ಪೆನ್ನು ತೆಗೆದ.

"ಸಾಹೇಬರೇ," ಎಂದಳು ಇಮಾಂಬಿ, "ಒಳಗೆ ಬರೋದನ್ನ ಇವರು ತೋರಿಸಿದರು. ಹೊರಗೆ ಹೋಗೋದನ್ನ ನಾವು ತೋರಿಸಬೇಡವಾ? ಇನ್ನೊಂದು ಸಲ ಬನ್ನಿ. ಗಾಡೀನೂ ಕರಕೊಂಡು ಬನ್ನಿ."

ಅಧಿಕಾರಿಗೂ ಅದು ನ್ಯಾಯ ಎನಿಸಿತು. ಪೆನ್ನಿಗೆ ಮುಚ್ಚಳ ಹಾಕಿದ.

ಗಾಡಿ ಎರಡನೆಯ ಸಲ ಬಂತು, ಅದರ ಹಿಂದೆ ಅಧಿಕಾರಿ. ವ್ಯಾಪಾರಿ ಅದರ ಮುಂದೆ ಮದುವೆಯ ದಿಬ್ಬಣದಂತೆ ನಡೆಯುತ್ತಿದ್ದ. ನಡು ಓಣಿಗೆ ಬಂದಾಗ "ಬಂತು, ಬಂತು" ಎಂಬ ಕೂಗು ಎದ್ದಿತು. ಎಲ್ಲ ಬಾಗಿಲೂ ಒಮ್ಮೆಗೇ ತೆರೆದವು. ಬೆಂಕಿ ಬಿದ್ದರೆ ಯಾರು ಏನನ್ನು ಬಿಟ್ಟು ಬರಲಾರರೋ ಅದನ್ನು ಹೊತ್ತು ಹೊರಟರು. ಒಬ್ಬಳು ಕೂಸನ್ನು, ಒಬ್ಬ ಅಜ್ಜಿಯನ್ನು, ಇನ್ನೊಬ್ಬ ಹೊಲಿಗೆ ಯಂತ್ರವನ್ನು. ಒಬ್ಬ ಮುದುಕ ಕೋಳಿಬುಟ್ಟಿ ಅಪ್ಪಿಕೊಂಡಿದ್ದ. ಕೋಳಿಯೂ ಕೂಗುತ್ತಿತ್ತು. ಎಲ್ಲರಿಗಿಂತ ಮುಂದೆ ಇಮಾಂಬಿಯ ಗಂಡನ ಮಂಚ. ಒಂದು ಕಾಲು ಅವಳ ಹೆಗಲಿಗೆ, ಎರಡು ಕಾಲು ಅವಳ ಇಬ್ಬರು ಮೈದುನರ ಹೆಗಲಿಗೆ. ಮಿಕ್ಕವರ ಕೈಯೆಲ್ಲ ತುಂಬಿತ್ತು. ನಾಲ್ಕನೆಯ ಕಾಲಿಗೆ ಹೆಗಲು ಕೊಟ್ಟವನು ಆ ಓಣಿಯವನಲ್ಲ.

ವ್ಯಾಪಾರಿಗೆ ಮುಂದೆ ಮಂಚ, ಹಿಂದೆ ಗಾಡಿ, ಪಕ್ಕಕ್ಕೆ ಒಂದು ಗೇಣು. ಹೊಟ್ಟೆ ಎಳೆದುಕೊಂಡು ನೋಡಿದ. ಹೊಟ್ಟೆ ಗೇಣಿಗೆ ಒಪ್ಪಲಿಲ್ಲ.

ಮಂಚದವನು ತಲೆ ಎತ್ತಿದ. "ಬನ್ನಿ ಸಾಹುಕಾರ್ರೇ, ನನ್ನ ಮಗ್ಗುಲಲ್ಲಿ ಜಾಗ ಇದೆ. ಹಾಸಿಗೆ ಹೊಸದು, ನಮ್ಮವಳೇ ಹೊಲಿದದ್ದು."

ಇಡೀ ಓಣಿ ನಕ್ಕಿತು. ವ್ಯಾಪಾರಿ ನಗಲಿಲ್ಲ. ಅವನು ಮಂಚದ ಹಿಂದೆ ಬರುತ್ತಿದ್ದ ಕೂಸನ್ನು ನೋಡಿದ, ಅಜ್ಜಿಯನ್ನು ನೋಡಿದ. ಏಳು ಅಂತಸ್ತಿನ ಕೂಸು, ಅಜ್ಜಿಯರೆಲ್ಲ ಅವರ ಹಿಂದೆ ಸಾಲುಗಟ್ಟಿದಂತೆ ಅವನಿಗೆ ಕಂಡಿತು. ಗಾಡಿ ಹಿಂದಕ್ಕೆ ಸರಿಯಿತು. ವ್ಯಾಪಾರಿ ಹಿಂದಕ್ಕೆ ನಡೆದ. ಅಧಿಕಾರಿ ಅವನಿಗಿಂತ ಮೊದಲೇ ನಡೆದಿದ್ದ. ಓಣಿಯ ಬಾಯಿಯಲ್ಲಿ ನಿಂತು ವ್ಯಾಪಾರಿ ಬೆವರು ಒರೆಸಿಕೊಂಡ.

"ಎರಡೇ ಅಂತಸ್ತು," ಎಂದ.

ಗುರುಗಳು ಕತೆ ನಿಲ್ಲಿಸಿದರು. ನನ್ನ ಒಗಟಿಗೆ ಉತ್ತರ ಸಿಕ್ಕಿಬಿಟ್ಟಿತ್ತು. ಯಥಾಪ್ರಕಾರ "ಅಲ್ಲ" ಎನ್ನಬೇಕಿತ್ತು. ಮರೆತೇಬಿಟ್ಟೆ.

"ಭಲೆ ಓಣಿ!" ಎಂದು ಚಪ್ಪಾಳೆ ತಟ್ಟಿದೆ. "ಎಂಥ ಜನ ಗುರುಗಳೇ! ಕೈ ಎತ್ತದೆ ಗಾಡಿಯನ್ನೇ ಹಿಂದೆ ಸರಿಸಿದರಲ್ಲ. ಅದಿರಲಿ, ಮಂಚದ ನಾಲ್ಕನೆಯ ಕಾಲು ಹೊತ್ತವನು ಯಾರು?"

ಗುರುಗಳು ಹೇಳಿದರು: "ಗಾಡಿ ಒಳಗೆ ಬಂದದ್ದು, ಪೆನ್ನಿಗೆ ಮುಚ್ಚಳ ಬಿದ್ದದ್ದು ನಿನ್ನೆ, ಅದು ನಿಜ, ಆಮೇಲಿನದೆಲ್ಲ ನಾನು ಕಟ್ಟಿದ್ದು, ಓಣಿಯವರು ಹೊರಗೆ ನಡೆಯುವುದು ನಾಳೆ, ನಾಲ್ಕನೆಯವನು ಇನ್ನೂ ಇಲ್ಲೇ ಒಗಟು ಕೇಳುತ್ತಾ ಕುಳಿತಿದ್ದಾನೆ."