ಚೀಟಿ ಬಿಸ್ಕತ್ತು ಮಡಿಸಿದ ಬೆರಳು

"ಬುದ್ಧೀ, ನನ್ನನ್ನು ಸಾಕಿದ ಅಕ್ಕ ಹಾಸಿಗೆ ಹಿಡಿದಿದ್ದಾಳಂತೆ. ನಾನು ಪ್ರವಚನ ಹೇಳಬೇಕಾದ ಊರು ಇನ್ನೂ ಹನ್ನೊಂದಿವೆ. ಮುಗಿಸಿಕೊಂಡು ಹೋದರೆ ಆಗದೇ?" ಎಂದು ಶಿಷ್ಯ ಸಿದ್ದಮಲ್ಲ ಕೇಳಿದ.

ಗುರುಗಳ ಮುಂದೆ ಒಲೆಯಿಂದ ಆಗತಾನೇ ಇಳಿಸಿದ ಗಂಜಿಯ ಬಟ್ಟಲಿತ್ತು. ಅದನ್ನು ಮುಟ್ಟದೆ ಹೇಳಿದರು:

"ಒಳಗೆ ಭವಿಷ್ಯದ ಚೀಟಿ ಇರುವ ಬಿಸ್ಕತ್ತು ಗೊತ್ತೇನು? ನಿನಗೆಲ್ಲಿ ಗೊತ್ತು! ನಾನು ಕೂತ ಏಟಿಗೆ ಮುನ್ನೂರು ತಿಂದವನು. ಚೀಟಿಯನ್ನೂ ಬಿಡದೆ ನುಂಗಿದ್ದರಿಂದಲೇ ನನಗೆ ತ್ರಿಕಾಲಜ್ಞಾನ ಬಂದದ್ದು. ನಗಬೇಡ. ಅದು ಹುಟ್ಟಿದ ಕತೆ ಕೇಳು.

ಕಡಲಾಚೆಯ ದೇಶದಲ್ಲಿ ಒಂದು ಗುಡಿ. ಅಲ್ಲಿ ಭಕ್ತರು ಭವಿಷ್ಯದ ಚೀಟಿ ಎತ್ತುತ್ತಿದ್ದರು. ಕೆಟ್ಟದ್ದು ಬಂದರೆ ಅಂಗಳದ ಮರಕ್ಕೆ ಕಟ್ಟಿ, ಅಳುತ್ತ ಮನೆಗೆ ಹೋಗುತ್ತಿದ್ದರು. ಗುಡಿಯ ಎದುರು ಬಿಸ್ಕತ್ತು ಮಾಡುವವನೊಬ್ಬನಿದ್ದ. ಅವನ ಹೆಂಡತಿ ಇದನ್ನು ದಿನವೂ ನೋಡಿದಳು.

'ಇವರು ಹೀಗೆ ಅಳುತ್ತ ಹೋಗಬಾರದು ಕಣ್ರೀ. ನಿಮ್ಮ ಬಿಸ್ಕತ್ತಿನೊಳಗೆ ನಾವೂ ಒಂದು ಚೀಟಿ ಇಡೋಣ. ಒಳ್ಳೆಯದನ್ನಷ್ಟೇ ಬರೆಯೋಣ. ಕೆಟ್ಟದ್ದು ಚೀಟಿ ಇಲ್ಲದೆಯೂ ಬರುತ್ತದೆ,' ಎಂದಳು.

ಅವಳು ಬರೆದಳು, ಅವನು ಮಡಿಸಿದ. ಕಾದ ಕಬ್ಬಿಣದ ಅಚ್ಚಿನಿಂದ ತೆಗೆದ ಹಿಟ್ಟಿನ ಬಿಲ್ಲೆ ಎರಡು ಉಸಿರಿನಷ್ಟು ಹೊತ್ತು ಮೆತ್ತಗಿರುತ್ತದೆ. ಅಷ್ಟರಲ್ಲಿ ಚೀಟಿ ಇಟ್ಟು, ಮಡಿಸಿ, ಬಟ್ಟಲಿನ ಅಂಚಿಗೆ ಒತ್ತಿ ಬಗ್ಗಿಸಬೇಕು. ತಡವಾದರೆ ಮುರಿಯಿತು. ಇಕ್ಕಳದಿಂದ ಆಗುವ ಕೆಲಸವಲ್ಲ, ಬೆರಳೇ ಬೇಕು. ಮೊದಲ ವರ್ಷ ಬೆರಳುಗಳಲ್ಲಿ ಬೊಬ್ಬೆ ಎದ್ದವು. ಹತ್ತನೆಯ ವರ್ಷಕ್ಕೆ ಸುಡುವುದೇ ನಿಂತಿತು.

'ನೋಡೇ, ಬೆಂಕಿಯೇ ನನಗೆ ಹೆದರುತ್ತದೆ!' ಎಂದು ಜಂಬ ಕೊಚ್ಚಿಕೊಂಡ. ಹೆಂಡತಿ ನಗಲಿಲ್ಲ. ಅವನ ಬೆರಳುಗಳಿಗೆ ಎಣ್ಣೆ ಸವರಿದಳು. ಅವಳು ಸವರಿದ್ದೂ ಅವನ ಬೆರಳಿಗೆ ತಿಳಿಯಲಿಲ್ಲ.

ಮುಂದೆ ಅವಳಿಗೆ ಕಾಯಿಲೆಯಾಯಿತು. ಒಳಗಿನಿಂದ ಕರೆದಳು. 'ಬಂದೆ. ಅಚ್ಚು ಕಾದಿದೆ, ಜನ ನಿಂತಿದ್ದಾರೆ,' ಎಂದ. ಮರುದಿನವೂ ಅದೇ ಮಾತು. ಮೂರನೆಯ ದಿನ ಅವಳ ದನಿ ಸಣ್ಣದಾಗಿತ್ತು. ಆಗ ಒಂದು ತಟ್ಟೆ ಬಿಸ್ಕತ್ತು ಹಿಡಿದುಕೊಂಡು ಹೋಗಿ ಪಕ್ಕದಲ್ಲಿ ಕೂತ. ಒಂದು ಕೈಯಲ್ಲಿ ಅವಳ ಕೈ ಹಿಡಿದ. ಇನ್ನೊಂದರಲ್ಲಿ ಬಿಸ್ಕತ್ತು ಮುರಿದು, ಅವಳೇ ಬರೆದ ಚೀಟಿಗಳನ್ನು ಅವಳಿಗೆ ಓದಿದ. 'ಬರುವ ಚೈತ್ರದಲ್ಲಿ ನಿನ್ನ ಅಂಗಳದ ಗಿಡ ಹೂ ಬಿಡುತ್ತದೆ.' 'ದೂರ ಹೋದವರು ತಿರುಗಿ ಬರುತ್ತಾರೆ.' ಅವಳು ಕಣ್ಣು ಮುಚ್ಚಿದ್ದಳು. ಕೇಳುತ್ತಿದ್ದಾಳೆ ಎಂದುಕೊಂಡ. ತಟ್ಟೆ ಬರಿದಾಗುವವರೆಗೂ ಓದಿದ.

ಪಕ್ಕದ ಮನೆಯವಳು ನೋಡಲು ಬಂದಳು. ಮಲಗಿದ್ದವಳ ಇನ್ನೊಂದು ಕೈಯನ್ನು ಮುಟ್ಟಿ ಬೆಚ್ಚಿದಳು.

'ಅಯ್ಯೋ ಅಣ್ಣಾ, ಕೈ ತಣ್ಣಗಾಗಿ ಎಷ್ಟು ಹೊತ್ತಾಯಿತು?'

ಅವನು ತನ್ನ ಬೆರಳುಗಳನ್ನು ನೋಡಿದ. ಅವಳ ಕೈ ಇನ್ನೂ ಅವುಗಳ ನಡುವೆಯೇ ಇತ್ತು."

ಗುರುಗಳು ಇನ್ನೂ ಹಬೆಯಾಡುತ್ತಿದ್ದ ಗಂಜಿಯ ಬಟ್ಟಲನ್ನು ಸಿದ್ದಮಲ್ಲನ ಕಡೆ ಸರಿಸಿದರು.

"ಮುಟ್ಟಿ ನೋಡು ಮಗಾ, ನಿನಗಿನ್ನೂ ಸುಡುತ್ತದೆಯೇ?"