ಜುಂಜಯ್ಯ ತೋರಿಸಿದ ಎರಡು ಕರುಳು

ಬಹಳ ಹಿಂದೆ, ಈ ಸೀಮೆಗೆ ಇನ್ನೂ ರಸ್ತೆ ಬಂದಿರದ ಕಾಲದಲ್ಲಿ, ಒಂದು ಗೊಲ್ಲರಹಟ್ಟಿಯಲ್ಲಿ ಜುಂಜಯ್ಯ ಅಂತ ಒಬ್ಬನಿದ್ದನಂತೆ. ಕುರಿಗಳಿಗೆ ಮದ್ದು ಕೊಡುವವನು. ಅವನ ವಿಷಯ ನಮ್ಮ ಅಜ್ಜಿ ಹೇಳಿದ್ದನ್ನೂ ಆ ಹಟ್ಟಿಯ ಇಬ್ಬರು ಮುದುಕರು ಹೇಳಿದ್ದನ್ನೂ ಬರೆದಿಟ್ಟಿದ್ದೇನೆ. ಮೂವರೂ ಒಪ್ಪುವಷ್ಟನ್ನು ಮಾತ್ರ ಹೇಳುತ್ತೇನೆ, ಕೇಳಿ.

ಜುಂಜಯ್ಯನನ್ನು ಕಂಡರೆ ಹಟ್ಟಿಗೆಲ್ಲ ಅನುಮಾನವಂತೆ. ಸಾರಾಯಿ ಕೊಳ್ಳುತ್ತಿದ್ದ, ಕುಡಿಯುತ್ತಿರಲಿಲ್ಲ. ಕ್ಷೌರದ ಕತ್ತಿ ಮಸೆಯುತ್ತಿದ್ದ, ಗಡ್ಡ ಎದೆಯವರೆಗೆ ಬಿಟ್ಟಿದ್ದ. ಸತ್ತ ಕುರಿಯ ಕರುಳಿನ ತುಂಡನ್ನು ಸಾರಾಯಿಯಲ್ಲಿ ನೆನೆಹಾಕಿ, ಗಟ್ಟಿಯಾದ ಮೇಲೆ ಜೇನುಮೇಣದಲ್ಲಿ ಹುದುಗಿಸಿ, ಆ ಕತ್ತಿಯಿಂದ ಈರುಳ್ಳಿ ಪೊರೆಗಿಂತ ತೆಳ್ಳಗೆ ಹೆರೆಯುತ್ತಿದ್ದನಂತೆ. ಅದಕ್ಕೆ ಅರಗಿನ ಕೆಂಪು ಹಚ್ಚಿ, ಬೆಳಕು ಹಾಯುವ ಕಾಗೆಬಂಗಾರದ ಹಾಳೆಯ ಮೇಲಿಟ್ಟು, ಹಿತ್ತಾಳೆ ತಗಡಿಗೆ ಕೂರಿಸಿದ ಸಾಸಿವೆಯಷ್ಟು ಗಾಜಿನ ಮಣಿಯೊಳಗಿಂದ ಬಿಸಿಲಿಗೆ ಹಿಡಿದು ನೋಡುತ್ತಿದ್ದನಂತೆ. ಆ ಮಣಿಯಲ್ಲಿ ಕಣ್ಣಿಗೆ ಕಾಣದ್ದೂ ದೊಡ್ಡದಾಗಿ ಕಾಣುತ್ತಿತ್ತಂತೆ. ಜನ ಮಾಟ ಅಂದರು.

ಒಂದು ಮಳೆಗಾಲ ಕುರಿಗಳು ಭೇದಿ ಹತ್ತಿ ಸಾಯತೊಡಗಿದವು. ಮನೆಮನೆಯಲ್ಲೂ ಸತ್ತವು. ಬೊಮ್ಮಕ್ಕ ಅನ್ನುವ ಒಂಟಿ ಹೆಂಗಸಿನ ಎರಡು ಕುಂಟು ಕುರಿ ಮಾತ್ರ ಉಳಿದವು. ಕುರಿಗಳು ಕುಡಿಯುವ ಬಾನಿಯ ನೀರಿಗೆ ಅವಳೇ ವಿಷ ಹಾಕಿದಳು ಅಂದರಂತೆ. ಅವಳನ್ನು ಹಟ್ಟಿಯಿಂದ ಹೊರಗೆ ಹಾಕಲು ಯಜಮಾನ ಕಾಟಯ್ಯ ಎದ್ದು ನಿಂತನಂತೆ. ಜುಂಜಯ್ಯ ನಾಲ್ಕು ದಿನದ ಗಡುವು ಕೇಳಿದ, ಜೊತೆಗೆ ಕೊಯ್ದು ಹೋಲಿಸಿ ನೋಡಲು ಒಂದು ಆರೋಗ್ಯದ ಕುರಿ ಕೇಳಿದ. ಯಾರೂ ಕೊಡಲಿಲ್ಲ. ಬೊಮ್ಮಕ್ಕ ತನ್ನದೊಂದನ್ನು ಕೊಟ್ಟಳು.

ಐದನೆಯ ದಿನ ಜುಂಜಯ್ಯ ಕಾಟಯ್ಯನ ಮುಂದೆ ಕರುಳು ಕೂರಿಸಿದ ಎರಡು ಹಾಳೆ ಇಟ್ಟು, ಮಣಿಯೊಳಗಿಂದ ನೋಡಲು ಹೇಳಿದ. ಯಾವುದು ಯಾವುದರದ್ದು ಅಂತ ಹೇಳಲಿಲ್ಲ. ಮೊದಲನೆಯದನ್ನು ನೋಡಿ ಕಾಟಯ್ಯ ಹಿಂದಕ್ಕೆ ಹಾರಿದನಂತೆ. "ಅಯ್ಯಪ್ಪೋ! ಕರುಳ ತುಂಬ ಬೆರಳು ಎದ್ದವೆ ಕಣ್ರೋ! ವಿಷ ಅಲ್ದೆ ಇನ್ನೇನು?" ಎರಡನೆಯದನ್ನು ನೋಡಿ, "ಇದು ಒಳ್ಳೆ ಕುರೀದು. ನುಣ್ಣಗೆ, ಅಕ್ಷತೆ ಚೆಲ್ಲಿದಂಗೆ ಚೆಂದ ಐತೆ" ಅಂದನಂತೆ.

"ಯಜಮಾನ್ರೇ, ಬೆರಳು ಇರೋದೇ ಒಳ್ಳೇದು. ಅದ್ರಿಂದ್ಲೇ ಕರುಳು ಮೇವಿನ ಸಾರ ಹೀರೋದು. ನುಣ್ಣಗಿರೋದು ನಿಮ್ಮ ಮನೇಲಿ ಸತ್ತ ಕುರೀದು. ನೀವು ಅಕ್ಷತೆ ಅಂದಿದ್ದು ಹುಳದ ಮೊಟ್ಟೆ. ಒಳ್ಳೆ ಕರುಳನ್ನ ಯಾವತ್ತಾದ್ರೂ ನೋಡಿದ್ರಾ?" ಅಂದ ಜುಂಜಯ್ಯ.

ಹಳ್ಳದ ಹಸಿ ದಂಡೆಯಲ್ಲಿ ಮೇಯ್ದ ಕುರಿಗಳಿಗೆ ಹುಳ ಹತ್ತಿತ್ತು, ಕುಂಟು ಕುರಿಗಳು ಮನೆಯಲ್ಲೇ ಇದ್ದವು, ಅಷ್ಟೇ ಅಂದನಂತೆ. ಜನ ನಂಬಲಿಲ್ಲ. ನೀನೇ ಅದಲುಬದಲು ಮಾಡಿದ್ದೀಯ ಅಂದರು. ಬೊಮ್ಮಕ್ಕ ಹೋಗಿ ಉಳಿದ ಕುರಿಯನ್ನೂ ಎಳೆದು ತಂದಳಂತೆ. "ಇದ್ನೂ ಕೊಯ್ರಿ. ಈ ಸಲ ನೀವೇ ಕಾವಲು ಕೂತ್ಕಳ್ರಿ."

ಕಾಟಯ್ಯ ನಾಲ್ಕು ದಿನ ಕರುಳು ನೆನೆಹಾಕಿದ ಸಾರಾಯಿ ಗಡಿಗೆಯ ಪಕ್ಕ ಅಲುಗಾಡದೆ ಕೂತನಂತೆ. ಕೊನೆಗೆ ತಾನೇ ನೋಡಿದನಂತೆ. ಬೆರಳುಗಳೇ, ಸಾಲುಸಾಲು. ತಪ್ಪಾಯಿತು ಅಂತ ಅವನು ಅನ್ನಲಿಲ್ಲ ಅಂತಾರೆ. ಕುರಿಗಳನ್ನು ಗುಡ್ಡದ ಕಡೆ ಹೊಡೆಯಿರಿ ಅಂದ, ಅಷ್ಟೇ.

ಮಣಿ ಈಗಿಲ್ಲ. ಆದರೆ ಆ ಹಟ್ಟಿಯಲ್ಲಿ ಇಂದಿಗೂ ಹಬ್ಬಕ್ಕೆ ಕುರಿ ಕೊಯ್ದರೆ, ಒಲೆ ಹಚ್ಚುವ ಮೊದಲು ಕರುಳು ಸೀಳಿ ಬಿಸಿಲಿಗೆ ಹಿಡಿದು ಮಕ್ಕಳನ್ನು ಕರೆಯುತ್ತಾರೆ: "ಬರ್ರೋ, ಒಳ್ಳೇದು ಹೆಂಗಿರ್ತೈತೆ ನೋಡ್ಕಳ್ರಿ." ವರ್ಷದ ಮೊದಲ ಎರಡು ಮರಿಗಳು ಹಟ್ಟಿಯ ಯಾವುದಾದರೂ ಒಂಟಿ ಹೆಂಗಸಿನ ಮನೆಗೆ ಹೋಗುತ್ತವೆ. ಅವನ್ನು ಹೊತ್ತು ಒಯ್ಯಬೇಕಾದವರು ಕಾಟಯ್ಯನ ವಂಶದವರೇ.